ಆ ತಂದೆಯ ಪ್ರಶ್ನೆ

ಈ ಮಂಗಳವಾರ ನಮ್ಮ ಜಮಾಅತಿನ ನಾಲ್ಕು ವರ್ಷದ ಮಗುವೊಂದನ್ನು ದಫನ ಮಾಡಿದೆವು. ಡೆಂಗಿ ಜ್ವರ, ಐದೇ ದಿನ. ಖಬರಸ್ತಾನದ ಗೇಟಿನ ಬಳಿ ತಂದೆ ಕೇಳಿದರು: “ಉಸ್ತಾದರೇ, ನಾನು ನಮಾಝ್ ಬಿಟ್ಟದ್ದಕ್ಕೆ ಅಲ್ಲಾಹನು ಮಗುವನ್ನು ಕಿತ್ತುಕೊಂಡನಾ?” ಅದು ಅವರದೇ ಮಾತಲ್ಲ. ಸಾಂತ್ವನ ಹೇಳಲು ಹೋದ ನಮ್ಮವರೇ ಅವರ ಕಿವಿಗೆ ಹಾಕಿದ ಮಾತು.

ಇಲ್ಲ ಎಂದೆವು. ಒಬ್ಬರ ಪಾಪದ ಹೊರೆಯನ್ನು ಇನ್ನೊಬ್ಬರು ಹೊರುವುದಿಲ್ಲವೆಂದು ಕುರ್‌ಆನ್ ಹಲವು ಕಡೆ ಹೇಳಿರುವಾಗ, ತಂದೆಯ ಲೆಕ್ಕವನ್ನು ಮಗುವಿನ ಹೆಸರಿಗೆ ಬರೆಯಲು ನಾವು ಯಾರು?

ಹಿಜರಿ 10ರಲ್ಲಿ ಮದೀನಾದಲ್ಲಿ ಪ್ರವಾದಿ(ಸ)ರ ಪುತ್ರ ಇಬ್ರಾಹೀಮ್ ತೀರಿಕೊಂಡರು. ಎರಡು ವರ್ಷವೂ ತುಂಬಿರಲಿಲ್ಲ. ಮಗು ಹಾಲೂಡಿಸುವ ತಾಯಿಯ ಮನೆಯಲ್ಲಿತ್ತು. ಆಕೆಯ ಗಂಡ ಕಮ್ಮಾರ, ಮನೆ ತುಂಬ ಹೊಗೆ. ಆ ಹೊಗೆಯೊಳಗೇ ಹೋಗಿ ಪ್ರವಾದಿ(ಸ) ಮಗನನ್ನು ಎತ್ತಿ ಮುತ್ತಿಕ್ಕುತ್ತಿದ್ದರು. ಅದೇ ಮಗು ಕೊನೆಯುಸಿರು ಎಳೆಯುವಾಗ ಅವರ ಕಣ್ಣು ತುಂಬಿ ಹರಿಯಿತು. ತಾವೂ ಅಳುವಿರಾ ಎಂದು ಅಬ್ದುರ್ರಹ್ಮಾನ್ ಬಿನ್ ಔಫ್(ರ) ಬೆರಗಾಗಿ ಕೇಳಿದರೆ, ಇದು ಕರುಣೆ ಎಂದರು.

ಆ ದಿನವೇ ಸೂರ್ಯಗ್ರಹಣ. ಮಗುವಿನ ಮರಣಕ್ಕೇ ಸೂರ್ಯ ಕಪ್ಪಾದನೆಂದು ಜನ ಆಡಿಕೊಂಡರು. ಪ್ರವಾದಿ(ಸ) ಒಪ್ಪಲಿಲ್ಲ. ಯಾರ ಹುಟ್ಟಿಗೂ ಸಾವಿಗೂ ಗ್ರಹಣ ಹಿಡಿಯುವುದಿಲ್ಲ ಎಂದು ತಿದ್ದಿದರು. ತಮ್ಮ ಮಗನ ಸಾವಿಗೂ ಆಕಾಶಕ್ಕೂ ನಂಟು ಕಟ್ಟಲು ಅವರು ಬಿಡಲಿಲ್ಲ. ನಾವೋ, ಪಕ್ಕದ ಮನೆಯ ಮಗುವಿನ ಸಾವಿಗೆ ಕಾರಣ ಹುಡುಕಿ ಕೊಟ್ಟು ಬರುತ್ತೇವೆ.

ಹಾಗಾದರೆ ಕರುಣಾಮಯಿಯ ಲೋಕದಲ್ಲಿ ಈ ನೋವೇಕೆ? ಹೀಗೆ ಕೇಳಿದರೆ ಈಮಾನ್ ಹೋಯಿತೆಂದು ಹೆದರಬೇಡಿ. ರಕ್ತ ಹರಿಸುವವನನ್ನು ಭೂಮಿಯಲ್ಲಿ ಇಡುವೆಯಾ ಎಂದು ಮಲಕ್‌ಗಳೇ ಕೇಳಿದ್ದರು. ಅಲ್ಲಾಹನು ಗದರಲಿಲ್ಲ; ಅವರಿಗೆ ತಿಳಿಯದ್ದು ತನಗೆ ತಿಳಿದಿದೆ ಎಂದನು. ಬದುಕು ಪರೀಕ್ಷೆಯೆಂದು ನಾವು ಬಲ್ಲೆವು. ಈ ಮಗುವೇ ಏಕೆ ಎಂಬುದನ್ನು ಬಲ್ಲವನು ಅವನೊಬ್ಬನೇ. ಯಅ್‌ಕೂಬ್(ಅ)ರಿಗೂ ಅದು ತಿಳಿದಿತ್ತು, ಆದರೂ ಮಗನಿಗಾಗಿ ದುಃಖಿಸಿ ಅವರ ಕಣ್ಣು ಬೆಳ್ಳಗಾದವು. ಅವರು ಅಲ್ಲಾಹನ ಮುಂದೆಯೇ ದುಃಖ ತೋಡಿಕೊಂಡರು.

ಎಲ್ಲವೂ ವಿಧಿ ಎಂದು ಕೈಕಟ್ಟಿ ಕೂರುವ ಹಾಗೂ ಇಲ್ಲ. ಶಾಮಿನಲ್ಲಿ ಪ್ಲೇಗ್ ಹರಡಿದಾಗ ಉಮರ್(ರ) ಸರ್ಗ್ ಎಂಬಲ್ಲಿಂದಲೇ ಹಿಂದಿರುಗಿದರು. ಅಲ್ಲಾಹನ ವಿಧಿಯಿಂದ ಓಡುವುದೇ ಎಂದು ಅಬೂ ಉಬೈದಾ(ರ) ಕೇಳಿದ್ದಕ್ಕೆ, ಅವನ ಒಂದು ವಿಧಿಯಿಂದ ಅವನದೇ ಇನ್ನೊಂದು ವಿಧಿಯ ಕಡೆಗೆ ಎಂದರು. ನಮ್ಮ ಮಸೀದಿಯ ಹಿಂದೆ ಹಳೇ ಟಯರುಗಳಿವೆ, ಹೌಝಿನ ಪಕ್ಕ ಮುಚ್ಚಳವಿಲ್ಲದ ಡ್ರಮ್ಮು. ಇಂದು ಅಸ್ರ್ ಬಳಿಕ ಆ ನೀರು ಚೆಲ್ಲೋಣ, ಯುವಕರು ಉಳಿಯಿರಿ.

ಮುಅ್‌ತಾದಲ್ಲಿ ಜಅ್‌ಫರ್(ರ) ಶಹೀದರಾದಾಗ ಅವರ ಮನೆಯವರಿಗೆ ಅಡುಗೆ ಮಾಡಿ ಕೊಡಲು ಪ್ರವಾದಿ(ಸ) ಹೇಳಿದ್ದರು. ಆ ಮನೆಗೆ ಭಾನುವಾರದವರೆಗಿನ ಊಟದ ಸರದಿಯನ್ನು ಬರೆದು ಬಾಗಿಲ ಬಳಿ ಅಂಟಿಸಿದ್ದೇವೆ. ಹೋಗುವವರು ಊಟ ಕೊಟ್ಟು, ದುಆ ಮಾಡಿ, ಸ್ವಲ್ಪ ಹೊತ್ತು ಸುಮ್ಮನೆ ಕುಳಿತು ಬನ್ನಿ.