ಟ್ರಂಪೆಟ್ಟಿನ ಪುರ್ರ್

ಕೋಟೇಶ್ವರದ ಕೊಡಿ ಹಬ್ಬಕ್ಕೆ ಹೋದಾಗ ಶಂಖ ಊದುವವರ ತುಟಿಯನ್ನು ಹತ್ತಿರದಿಂದ ನೋಡಿದ್ದೀರಾ ಮಕ್ಕಳೇ? ಸುಮ್ಮನೆ ಗಾಳಿ ಬಿಟ್ಟರೆ ಶಂಖದಿಂದ ಬರುವುದು ಬರೀ ಉಸ್ಸೆಂಬ ಸದ್ದು. ತುಟಿ ಬಿಗಿಹಿಡಿದು ಪುರ್ರೆಂದು ಅದುರಿಸಿದಾಗಲೇ ಅದು ಮೊಳಗುವುದು. ಮೆರವಣಿಗೆಯ ಬ್ಯಾಂಡ್‌ಸೆಟ್ಟಿನಲ್ಲಿ ಹೊಳೆಯುವ ಹಿತ್ತಾಳೆಯ ಟ್ರಂಪೆಟ್ ಇದೆಯಲ್ಲ, ಅದರ ಗುಟ್ಟೂ ಇದೇ.

ನೀವೇ ಮಾಡಿ ನೋಡಬಹುದು. ತೋಟಕ್ಕೆ ನೀರು ಬಿಡುವ ಹಳೇ ಪೈಪಿನದೊಂದು ತುಂಡು ಸಾಕು. ಮನೆಯಲ್ಲಿ ಕೇಳಿಯೇ ಕತ್ತರಿಸಿ, ಆಮೇಲೆ ಬೈಗುಳ ನನಗೆ ಬೇಡ! ಅದನ್ನು ಚೆನ್ನಾಗಿ ತೊಳೆದು, ತುದಿಗೆ ತುಟಿಯಿಟ್ಟು ಪುರ್ರೆನ್ನಿಸಿ. ಒಳಗಿನ ಗಾಳಿಯೂ ಅದುರಿ, ದಪ್ಪ ದನಿಯೊಂದು ಹೊರಬರುತ್ತದೆ. ಪೈಪನ್ನು ಗಿಡ್ಡ ಮಾಡಿ ಊದಿದರೆ ದನಿ ಏರುತ್ತದೆ.

ಏಕೆ ಹೀಗೆ? ಉದ್ದ ಹಗ್ಗದ ಉಯ್ಯಾಲೆ ನಿಧಾನ ತೂಗುತ್ತದೆ, ಗಿಡ್ಡ ಹಗ್ಗದ್ದು ಬೇಗ ಬೇಗ. ಕೊಳವೆಯೊಳಗಿನ ಗಾಳಿಯನ್ನೂ ಹಾಗೇ ಊಹಿಸಿಕೊಳ್ಳಿ. ಉದ್ದ ಕೊಳವೆಯಲ್ಲಿ ಅದು ನಿಧಾನ ಅದುರಿ ತಗ್ಗಿನ ಸ್ವರ ಕೊಡುತ್ತದೆ. ಗಿಡ್ಡದರಲ್ಲಿ ಬೇಗ ಅದುರಿ ಮೇಲಿನ ಸ್ವರ.

ನುಡಿಸುತ್ತಾ ನುಡಿಸುತ್ತಾ ಹಿತ್ತಾಳೆಯನ್ನು ಕತ್ತರಿಸುತ್ತಾ ಕೂರಲಾದೀತೇ? ಅದಕ್ಕೇ ಟ್ರಂಪೆಟ್ಟಿನ ಮೇಲೆ ಮೂರು ಗುಂಡಿಗಳಿವೆ. ಮಡಚಿಟ್ಟ ಆ ಕೊಳವೆಯನ್ನು ನೀಟಾಗಿ ಬಿಡಿಸಿದರೆ ಸುಮಾರು ಒಂದೂವರೆ ಮೀಟರ್ ಉದ್ದವಾದೀತು. ಗುಂಡಿ ಒತ್ತಿದಾಗ ಗಾಳಿ ಪಕ್ಕದ ಇನ್ನೊಂದು ಸುರುಳಿಯನ್ನೂ ಸುತ್ತಿಕೊಂಡು ಬರಬೇಕು. ದಾರಿ ಉದ್ದವಾಯಿತು, ಸ್ವರ ತಗ್ಗಿತು.

ಮೂರೇ ಗುಂಡಿಗಳಲ್ಲಿ ಅಷ್ಟೊಂದು ಸ್ವರ ಹೇಗೆ ಅಂತೀರಾ? ಉಳಿದ ಕೆಲಸ ತುಟಿಯದು. ಬೆರಳು ಅಲ್ಲೇ ಇದ್ದರೂ ತುಟಿಯನ್ನು ಇನ್ನಷ್ಟು ಬಿಗಿದರೆ ಸ್ವರ ಮೇಲಕ್ಕೆ ನೆಗೆಯುತ್ತದೆ. ನನಗಂತೂ ಇದೇ ಎಲ್ಲಕ್ಕಿಂತ ದೊಡ್ಡ ಸೋಜಿಗ.

ಈ ತುಟಿಯ ಕೆಲಸದಿಂದಲೇ ಹೆಸರಾದವರೊಬ್ಬರು ನಮ್ಮ ಕರಾವಳಿಯ ನೆರೆಯವರು. ಬೈಂದೂರಿನಲ್ಲಿ ರೈಲು ಹತ್ತಿದರೆ ಸಿಗುವ ಗೋವಾದ ಅಲ್ಡೋನಾ ಅವರ ಊರು. 1916ರಲ್ಲಿ ಹುಟ್ಟಿದ ಆಂಟೋನಿಯೊ ಝೇವಿಯರ್ ವಾಝ್ ಅವರನ್ನು ಎಲ್ಲರೂ ಕರೆದದ್ದು ಚಿಕ್ ಚಾಕೊಲೇಟ್ ಅಂತ! ಟ್ರಂಪೆಟ್ಟಿನಲ್ಲಿ ಅವರು ನುಡಿಸಿದ್ದು ಜಾಝ್. ಜಾಝ್ ಎಂದರೆ ಅಮೆರಿಕದ ಕಪ್ಪು ಜನರು ಕಟ್ಟಿದ ಸಂಗೀತ. ಅದರಲ್ಲಿ ನುಡಿಸುವವರು ಆ ಗಳಿಗೆಗೆ ಹೊಳೆದದ್ದನ್ನೂ ಸೇರಿಸುತ್ತಾ ಹೋಗುತ್ತಾರೆ. ಚಿಕ್ ತಮ್ಮ ತಂಡ ಕಟ್ಟಿಕೊಂಡು ಮುಂಬಯಿಯ ತಾಜ್ ಹೋಟೆಲಿನಲ್ಲಿ ಅದನ್ನೇ ನುಡಿಸಿದರು.

ಮುಂದೆ ಸಿನಿಮಾದವರು ಕರೆದರು. ಸಂಗೀತ ನಿರ್ದೇಶಕ ಸಿ. ರಾಮಚಂದ್ರ ಅವರಿಗೆ ನೆರವಾದರು. 1951ರ ‘ಅಲ್ಬೇಲಾ’ದಲ್ಲಿ ತಂಡದೊಂದಿಗೆ ತೆರೆಯ ಮೇಲೂ ಬಂದರು. ಅದೇ ವರ್ಷದ ‘ನಾದಾನ್’ ಚಿತ್ರಕ್ಕೆ ತಾವೇ ಸಂಗೀತ ಕೊಟ್ಟರು. ಟ್ರಂಪೆಟ್ ಒಂದು ಹೊತ್ತಿಗೆ ಒಂದೇ ಸ್ವರ ನುಡಿಯುತ್ತದೆ. ಸಂಗೀತ ಕಟ್ಟುವವರಿಗೆ ಅಷ್ಟು ಸಾಲದು. ಪಿಟೀಲು ಯಾವಾಗ, ಡ್ರಮ್ಮು ಎಲ್ಲಿ, ಯಾರು ಸುಮ್ಮನಿರಬೇಕು, ಎಲ್ಲವನ್ನೂ ತಲೆಯೊಳಗೇ ಒಟ್ಟಿಗೆ ಕೇಳಿಸಿಕೊಳ್ಳಬೇಕು. ನಮ್ಮ ಕುಂದಾಪುರದ ಮಗ್ಗುಲಿನ ಬಸ್ರೂರಿನಿಂದ ಹೋಗಿ ‘ಉಗ್ರಂ’, ‘ಕೆಜಿಎಫ್’ ಚಿತ್ರಗಳಿಗೆ ಸಂಗೀತ ಕೊಟ್ಟ ರವಿ ಬಸ್ರೂರರೂ ಮಾಡುವುದು ಇದೇ ಕೆಲಸ.

ಚಿಕ್ 1967ರಲ್ಲಿ ತೀರಿಕೊಂಡರು. ‘ಅಲ್ಬೇಲಾ’ದ ಹಾಡುಗಳು ಈಗಲೂ ಕೇಳಸಿಗುತ್ತವೆ. ಒಂದು ಸಲ ಹಾಡಿನ ಮಾತನ್ನು ಬಿಟ್ಟುಬಿಡಿ. ಹಾಡುವವರು ಉಸಿರೆಳೆದುಕೊಳ್ಳುವ ಸಂದಿಗಳಲ್ಲಿ ಯಾವ ವಾದ್ಯ ನುಗ್ಗುತ್ತದೆ, ಕಿವಿಗೊಟ್ಟು ಹಿಡಿಯಿರಿ.