ಕೊನೆಯ ಬೋಗಿ



ಸುತ್ತಲೂ ಸಂಕಟವಿರುವಾಗ ನಾವು ಸಂತೋಷಪಡಬಹುದೇ? ಕೊರೊನಾ ದಿನಗಳಲ್ಲಿ ಈ ಪ್ರಶ್ನೆ ಅನೇಕರನ್ನು ಕಾಡಿತು. ದಿನ ಬೆಳಗಾದರೆ ಸಾವಿನ ಸುದ್ದಿ. ಅಂಥ ಹೊತ್ತಿನಲ್ಲಿ ಹಳೆಯ ಹಾಡಿಗೆ ತಲೆದೂಗಿದರೂ ಏನೋ ತಪ್ಪು ಮಾಡಿದ ಅಳುಕು.

2020ರ ಮಾರ್ಚ್ ಕೊನೆಯ ಭಾಗದಲ್ಲಿ ದೇಶದ ಪ್ರಯಾಣಿಕ ರೈಲುಗಳೆಲ್ಲ ನಿಂತವು. 1853ರ ಏಪ್ರಿಲ್ 16ರಂದು ಮುಂಬಯಿಯ ಬೋರಿಬಂದರಿನಿಂದ ಠಾಣೆಗೆ ದೇಶದ ಮೊದಲ ಪ್ರಯಾಣಿಕ ರೈಲು ಹೊರಟ ದಿನವನ್ನು 2020ರಲ್ಲಿ ನೆನೆದಾಗ, ಜನಸಾಮಾನ್ಯರಿಗೆ ಹತ್ತಲು ಒಂದು ಗಾಡಿಯೂ ಇರಲಿಲ್ಲ. ಆದರೆ ಗೂಡ್ಸ್ ಗಾಡಿಗಳು ನಿಲ್ಲಲಿಲ್ಲ. ಅಕ್ಕಿ, ಗೋಧಿ, ಗೊಬ್ಬರ, ಕಲ್ಲಿದ್ದಲು ಹೊತ್ತು ಹಗಲೂ ರಾತ್ರಿ ಓಡಿದವು.

ಅರಸೀಕೆರೆಯ ನನ್ನ ಪರಿಚಯದ ಹಿರಿಯರೊಬ್ಬರು ರೈಲ್ವೆಯಲ್ಲಿ ಗಾರ್ಡ್ ಆಗಿ ನಿವೃತ್ತರಾದವರು. ಕೊರೊನಾ ಸೋಂಕು ತಗುಲಿ ಅವರು ಮಹಡಿಯ ಕೋಣೆಯಲ್ಲಿ ಒಬ್ಬರೇ ಇರಬೇಕಾಯಿತು. ಊಟದ ತಟ್ಟೆ ಬಾಗಿಲ ಹೊರಗೆ ಬರುತ್ತಿತ್ತು. ಜೊತೆಗಿದ್ದದ್ದು ಒಂದು ರೇಡಿಯೊ, ಕಿಟಕಿಯಾಚೆಯ ರೈಲು ಹಳಿ. ಫೋನಿನಲ್ಲಿ ಮಾತಾಡುವಾಗ ಗಾಡಿಯ ಸದ್ದು ಕೇಳಿದರೆ ಸಾಕು, "ಇದು ಲೋಡ್ ಗಾಡಿ. ಖಾಲಿ ಆಗಿದ್ದಿದ್ರೆ ಗಡಗಡ ಅಂತ ಕುಣೀತಿತ್ತು" ಎನ್ನುತ್ತಿದ್ದರು. ದನಿಯಲ್ಲಿ ಕಾಯಿಲೆಯ ಸುಸ್ತಿದ್ದರೂ ಆ ಕ್ಷಣಕ್ಕೆ ಗೆಲುವು ಬರುತ್ತಿತ್ತು.

ಗಾಡಿಯ ಕಟ್ಟಕಡೆಗೆ 'ಎಲ್‌ವಿ' ಎಂಬ ಫಲಕವಿರುತ್ತದೆ. ಇದೇ ಕೊನೆಯ ವಾಹನ ಎಂಬುದಕ್ಕೆ ಅದು ಗುರುತು. ದಾರಿಯಲ್ಲಿ ಯಾವ ಬೋಗಿಯೂ ಕಳಚಿ ಉಳಿದಿಲ್ಲ ಎಂದು ಸ್ಟೇಷನ್ನಿನವರು ಖಚಿತಪಡಿಸಿಕೊಳ್ಳುವುದು ಅದನ್ನು ನೋಡಿ. "ಇಂಜಿನ್ ಬಂತು ಅಂದ ಮಾತ್ರಕ್ಕೆ ಗಾಡಿ ಬಂದ ಹಾಗಲ್ಲ" ಎಂದರು ಅವರು. ಆ ಮಾತು ನನ್ನ ಮನಸ್ಸಿನಲ್ಲಿ ನಾಟಿ ನಿಂತಿದೆ.

ಅವರ ರೇಡಿಯೊದಲ್ಲಿ ಬರುತ್ತಿದ್ದ ಹಳೆಯ ಹಾಡುಗಳು ಹುಟ್ಟಿದ ಬಗೆಯೂ ಈ ಮಾತನ್ನೇ ಹೇಳುತ್ತದೆ. ಪಿ. ಬಿ. ಶ್ರೀನಿವಾಸ್, ಎಸ್. ಜಾನಕಿ ಹಾಡುತ್ತಿದ್ದ, ಜಿ. ಕೆ. ವೆಂಕಟೇಶ್, ವಿಜಯಭಾಸ್ಕರ್ ರಾಗ ಕೂಡಿಸುತ್ತಿದ್ದ ಕಾಲದಲ್ಲಿ ಕನ್ನಡದ ಹಾಡುಗಳು ಹೆಚ್ಚಾಗಿ ಮದ್ರಾಸಿನ ಸ್ಟುಡಿಯೊಗಳಲ್ಲಿ ಧ್ವನಿಮುದ್ರಣವಾಗುತ್ತಿದ್ದವು. ಗಾಯಕರು, ಪಿಟೀಲು, ಕೊಳಲು, ತಬಲಾದವರು ಎಲ್ಲರೂ ಒಂದೇ ಹೊತ್ತಿಗೆ ನುಡಿಸಿ ಹಾಡಬೇಕಿತ್ತು. ಹಿಂದಿನ ಸಾಲಿನಲ್ಲಿ ಕೂತವರೊಬ್ಬರ ಬಿಲ್ಲು ಜಾರಿದರೂ ಎಲ್ಲರೂ ಮತ್ತೆ ಮೊದಲಿನಿಂದ ಆರಂಭಿಸಬೇಕು. ದೊಡ್ಡ ಗಾಯಕರು ಎಷ್ಟೇ ಚೆನ್ನಾಗಿ ಹಾಡಿದ್ದರೂ, ಕೊನೆಯವರು ಕೂಡಿಕೊಳ್ಳದೆ ಹಾಡು ಮುಗಿಯುತ್ತಿರಲಿಲ್ಲ.

ನಾವು ಮನೆಯೊಳಗೆ ಕೂತು ಈ ಹಾಡುಗಳನ್ನು ಕೇಳುತ್ತಿದ್ದಾಗಲೇ ಸಾವಿರಾರು ಕೂಲಿಕಾರರು ಹೆದ್ದಾರಿಗಳಲ್ಲಿ, ರೈಲು ಹಳಿಗಳ ಮೇಲೆ ನಡೆದೇ ಊರು ಸೇರಲು ಹೊರಟಿದ್ದರು. ಮೇ 1ರಂದು ಅವರನ್ನು ಊರಿಗೆ ಕರೆದೊಯ್ಯಲು ಶ್ರಮಿಕ ರೈಲುಗಳು ಶುರುವಾದವು. ಆದರೂ ಎಲ್ಲರಿಗೂ ಅವು ಎಟುಕಲಿಲ್ಲ. ಮೇ 8ರ ಬೆಳಗಿನ ಜಾವ, ಮಹಾರಾಷ್ಟ್ರದ ಔರಂಗಾಬಾದ್ ಬಳಿ, ನಡೆದು ದಣಿದು ಹಳಿಯ ಮೇಲೆಯೇ ಮಲಗಿದ್ದ 16 ಮಂದಿ ಗೂಡ್ಸ್ ಗಾಡಿಗೆ ಸಿಕ್ಕಿ ಸತ್ತರು. ನಮಗೆ ಅನ್ನ ತಂದ ಹಳಿಗಳ ಮೇಲೆಯೇ ಅವರ ರೊಟ್ಟಿಗಳು ಚೆಲ್ಲಿದ್ದವು. ಸಮಾಜವೆಂಬ ಗಾಡಿಯ ಇಂಜಿನ್ನೇನೋ ನಿಲ್ದಾಣ ಸೇರಿತ್ತು. ಕೊನೆಯ ಬೋಗಿ ದಾರಿಯಲ್ಲೇ ಉಳಿದಿತ್ತು.

ಹಾಗಾದರೆ ಸಂತೋಷ ತಪ್ಪೇ? ಖಂಡಿತ ಅಲ್ಲ. ಒಂಟಿ ಕೋಣೆಯಲ್ಲಿ ಆ ಹಿರಿಯರನ್ನು ಕುಗ್ಗದಂತೆ ಕಾಪಾಡಿದ್ದು ಆ ಸಂತೋಷವೇ. ನಮ್ಮ ಪಾಲಿಗೆ ಬಂದ ಸುಖದ ಹಿಂದೆ ಎಷ್ಟು ಜನರ ದುಡಿಮೆಯಿದೆ, ಅವರಲ್ಲಿ ಯಾರು ಹಿಂದುಳಿದಿದ್ದಾರೆ ಎಂದು ಕೇಳುವುದನ್ನು ಬಿಟ್ಟುಬಿಡುವುದು ಮಾತ್ರ ತಪ್ಪು. ಈ ಪ್ರಶ್ನೆಗೆ ಸಾಂಕ್ರಾಮಿಕವೇ ಬರಬೇಕಿಲ್ಲ. ಮನೆಯಲ್ಲಿ ಎಲ್ಲರೂ ಉಂಡ ಮೇಲೆ ಉಣ್ಣುವವರು ಯಾರು? ನಮ್ಮ ಬೀದಿಯಲ್ಲಿ ಯಾರೂ ಮಾತಾಡಿಸದ ವೃದ್ಧರು ಯಾರು? ಇವತ್ತು ಅವರ ಬಾಗಿಲು ತಟ್ಟೋಣ. ಸಂತೋಷವನ್ನು ಅಳುಕಿಲ್ಲದೆ ಅನುಭವಿಸುವ ಹಕ್ಕು ಅದರಿಂದಲೇ ಬರುತ್ತದೆ.