ಹಸಿವು ಹೇಳುವ ಹಿತನುಡಿ



ಅನ್ನದ ಮಹಿಮೆಯನ್ನು ಮಠದ ಭಕ್ತರಿಗೆ ಹೊಸದಾಗಿ ಹೇಳಬೇಕಾದುದಿಲ್ಲ. ಮುಂಡರಗಿಯ ಮಠವು ಅನ್ನದಾನೀಶ್ವರನ ಹೆಸರನ್ನೇ ಹೊತ್ತಿರುವದು; ಗದಗ-ಬೆಟಗೇರಿಯಲ್ಲಿಯೂ ಶಿರಹಟ್ಟಿಯಲ್ಲಿಯೂ ಜಾತ್ರೆಯೆಂದೊಡನೆ ದಾಸೋಹದ ಪಂಕ್ತಿಯು ಕಣ್ಣಮುಂದೆ ನಿಲ್ಲುವದು. ಅನ್ನವನ್ನು ನೀಡುವ ವಿಧಿಯನ್ನು ಹಿರಿಯರು ಚೆನ್ನಾಗಿ ಕಲಿಸಿರುವರು. ಆದರೆ ನೀಡಿದುದನ್ನು ಉಣ್ಣುವದಕ್ಕೂ ಒಂದು ವಿಧಿಯುಂಟು. ಅದನ್ನು ಕಲಿಸುವ ಉಪಾಧ್ಯಾಯನು ಅವರವರ ದೇಹದಲ್ಲಿಯೇ ಇರುವನು. ಆತನ ಮಾತನ್ನು ಕೇಳುವ ಬಗೆ ಯಾವದು, ಆತನು ಮೌನವಾಗಿರುವ ಎಡೆ ಯಾವದು, ಎಂಬೆರಡು ಸಂಗತಿಗಳು ಇಲ್ಲಿ ವಿಚಾರಣೀಯವಾಗಿವೆ.

ನಮ್ಮ ಪ್ರಾಚೀನ ವೈದ್ಯರು ಈ ಮಾತನ್ನು ಬಹು ಸೂಕ್ಷ್ಮವಾಗಿ ಕೇಳಿದ್ದರು. ತಡೆಯಬಾರದ ಹದಿಮೂರು ಸಹಜ ವೇಗಗಳನ್ನು ಚರಕಸಂಹಿತೆಯು ಎಣಿಸಿದಾಗ ಹಸಿವನ್ನೂ ನೀರಡಿಕೆಯನ್ನೂ ಅವುಗಳಲ್ಲಿ ಸೇರಿಸಿತು. ಹೊಟ್ಟೆಯ ನಾಲ್ಕು ಪಾಲುಗಳಲ್ಲಿ ಎರಡು ಅನ್ನಕ್ಕೆ, ಒಂದು ಪಾನಕ್ಕೆ, ಉಳಿದ ಒಂದು ವಾಯುಸಂಚಾರಕ್ಕೆ ಎಂದು ವಾಗ್ಭಟನ ಅಷ್ಟಾಂಗಹೃದಯವು ವಿಧಿಸಿತು. ಉಂಡ ಅನ್ನವು ಜೀರ್ಣವಾಯಿತೆಂಬುದಕ್ಕೆ ಶುದ್ಧವಾದ ತೇಗು, ಮೈಯ ಹಗುರು, ಮನಸ್ಸಿನ ಉತ್ಸಾಹ, ಮರಳಿ ಹುಟ್ಟಿದ ಹಸಿವು ಇವೇ ಕುರುಹುಗಳು. ಇವು ತೋರುವ ಮೊದಲೇ ಮತ್ತೆ ಉಂಡವನು ಹಸಿವಿಗಾಗಿ ಉಂಡವನಲ್ಲ. ಹೊತ್ತಾಯಿತೆಂದೋ, ಕಣ್ಣಿಗೆ ಬಿತ್ತೆಂದೋ ಉಂಡವನು.

ಹಸಿವು ಬೇಗನೆ ಕೂಗುವದು. ತೃಪ್ತಿಯು ತಡವಾಗಿ ಮಾತಾಡುವದು. ಹೊಟ್ಟೆ ತುಂಬಿದ ಸುದ್ದಿಯು ಕರುಳಿನಿಂದ ಮಿದುಳಿಗೆ ಪೂರ್ಣವಾಗಿ ಮುಟ್ಟಲು ಸುಮಾರು 20 ನಿಮಿಷಗಳು ಬೇಕೆಂದು ಇಂದಿನ ವೈದ್ಯರು ಹೇಳುವರು. ನಮ್ಮ ನಾಡಿನ ಊಟವು ಈ ಹೊತ್ತನ್ನು ತಾನಾಗಿಯೇ ಒದಗಿಸುತ್ತಿತ್ತು. ಲಕ್ಷ್ಮೇಶ್ವರದ ಎರೆಹೊಲದಲ್ಲಿ ಬುತ್ತಿ ಬಿಚ್ಚಿದ ಒಕ್ಕಲಿಗನು ಕಟಕ ಜೋಳದ ರೊಟ್ಟಿಯನ್ನು ಮುರಿದು, ಪುಂಡಿಪಲ್ಯ, ಮಡಕಿಕಾಳು, ಗುರೆಳ್ಳು ಹಿಂಡಿ, ಹಸಿ ಉಳ್ಳಾಗಡ್ಡಿಗಳೊಡನೆ ಅಗಿದಗಿದು ತಿನ್ನಬೇಕಾಗುತ್ತಿತ್ತು. ದವಡೆಯು ದಣಿಯುವಷ್ಟರಲ್ಲಿ ಸಾಕೆಂಬ ಅರಿವು ಬರುತ್ತಿತ್ತು. ಮೆತ್ತಗಿನ ಅನ್ನವನ್ನೂ ಸಕ್ಕರೆಯ ಪದಾರ್ಥಗಳನ್ನೂ ನುಂಗುವವನಿಗೆ ಆ ಅರಿವು ಬರುವ ಮೊದಲೇ ತಾಟು ಬರಿದಾಗಿರುವದು.

ಇದೇ ತತ್ತ್ವವು ದೂರದ ಅಮೇರಿಕೆಯಲ್ಲಿ ಪರೀಕ್ಷೆಗೊಳಗಾಯಿತು. ಕ್ಲಾರಾ ಡೇವಿಸ್ ಎಂಬ ವೈದ್ಯೆಯು 1928ರಲ್ಲಿ ತನ್ನ ಪ್ರಯೋಗದ ಮೊದಲ ಫಲವನ್ನೂ, 1939ರಲ್ಲಿ 15 ಶಿಶುಗಳ ಸಮಗ್ರ ವೃತ್ತಾಂತವನ್ನೂ ಪ್ರಕಟಿಸಿದಳು. ಮೊಲೆಹಾಲು ಬಿಟ್ಟ ಕೂಸುಗಳ ಮುಂದೆ ಬಗೆಬಗೆಯ ಸಾದಾ ಆಹಾರಗಳನ್ನಿಟ್ಟು, ದಾದಿಯರು ಒತ್ತಾಯಿಸಬಾರದು, ಬೆರಳು ಮಾಡಿ ತೋರಿಸಲೂಬಾರದು ಎಂದು ಕಟ್ಟು ಮಾಡಿದಳು. ಒಂದು ಕೂಸು ಆಯ್ದಂತೆ ಇನ್ನೊಂದು ಆಯಲಿಲ್ಲ. ಆದರೂ ಎಲ್ಲವೂ ಪುಷ್ಟವಾಗಿ ಬೆಳೆದವು. ಆದರೆ ಗುಟ್ಟು ಇದ್ದುದು ಆಹಾರಗಳ ಪಟ್ಟಿಯಲ್ಲಿಯೇ ಎಂದು ಆಕೆಯೇ ಒಪ್ಪಿಕೊಂಡಳು. ಸಕ್ಕರೆ ಬೆರೆಸಿದ ಒಂದು ಪದಾರ್ಥವೂ ಅಲ್ಲಿರಲಿಲ್ಲ. ಸಾದಾ ಅನ್ನದ ಮುಂದೆ ದೇಹವು ಸತ್ಯವನ್ನೇ ನುಡಿಯುವದು. ರುಚಿಯ ಮೋಹದ ಮುಂದೆ ಅದರ ನುಡಿಯು ನಾಲಗೆಯ ಗದ್ದಲದಲ್ಲಿ ಅಡಗುವದು.

ಗದಗಿನ ಮಿರ್ಚಿ-ಗಿರಮಿಟ್ಟುಗಳ ಕೀರ್ತಿಯನ್ನು ಅಲ್ಲಗಳೆಯುವವರಾರು? ಅಪರೂಪಕ್ಕೆ ತಿಂದರೆ ಅದು ಸಂತೋಷವೇ. ದಿನದ ಸಂಜೆಯ ನೇಮವಾದರೆ ಅದು ಹಸಿವಿನ ಬೇಡಿಕೆಯಲ್ಲ, ರೂಢಿಯ ಬೇಡಿಕೆ. ಅದರಂತೆಯೇ ದುಡಿಮೆಯನ್ನೂ ಗಮನಿಸಬೇಕು. ನೇಗಿಲು ಹಿಡಿದು ದಿನವಿಡೀ ನಡೆದ ತಂದೆಗೆ ನಾಲ್ಕು ರೊಟ್ಟಿ ತಕ್ಕದಾಗಿತ್ತು. ಟ್ರ್ಯಾಕ್ಟರಿನ ಮೇಲೆಯೋ ಅಂಗಡಿಯ ಗಾದಿಯ ಮೇಲೆಯೋ ಕೂಡ್ರುವ ಮಗನಿಗೆ ಅದೇ ನಾಲ್ಕು ಹೆಚ್ಚಾದೀತು. ತಾಟಿನ ಅಳತೆಯು ತಂದೆಯಿಂದ ಬಂದ ಆಸ್ತಿಯಲ್ಲ. ಇಂದಿನ ಬೆವರೇ ಅದರ ಅಳತೆಗೋಲು.

ಇನ್ನೊಂದು ಮಾತನ್ನು ಮನೆಮನೆಯಲ್ಲಿಯೂ ಚಿಂತಿಸಬೇಕು. ನಸುಕಿನಲ್ಲೆದ್ದು ರೊಟ್ಟಿ ಬಡಿಯುವ ಸೊಸೆಯ ದೇಹವೂ ಹಸಿವೆಯೆಂದು ಹೇಳುವದಲ್ಲವೇ? ಎಲ್ಲರೂ ಉಂಡ ಮೇಲೆ, ಉಳಿದುದರಲ್ಲಿ, ಹೊತ್ತು ಮೀರಿ ಉಣ್ಣಬೇಕೆಂದಾಗ ಆಕೆಯು ಆ ನುಡಿಯನ್ನು ವರ್ಷಾನುವರ್ಷ ಹತ್ತಿಕ್ಕುವಳು. ಕಡೆಗೆ ರಕ್ತಹೀನತೆಯು ಮನೆಯನ್ನು ಹೊಗುವದು. ಒಬ್ಬರ ಹಸಿವನ್ನು ಮೂಕವಾಗಿಸಿ ಮತ್ತೊಬ್ಬರು ತಮ್ಮ ದೇಹದ ಮಾತನ್ನು ಆಲಿಸಿದರೆ ಅದು ಧರ್ಮವಲ್ಲ. ಅತಿಥಿಯು ಸಾಕೆಂದು ಕೈ ಅಡ್ಡ ಹಿಡಿದ ಮೇಲೆ ಹುಗ್ಗಿಯನ್ನು ಸುರಿಯುವದೂ ಉಪಚಾರವಲ್ಲ. ಪ್ರಸಾದವನ್ನು ಚೆಲ್ಲಬಾರದೆಂಬ ನೇಮವು ಬೇಕಾದಷ್ಟೇ ನೀಡಿಸಿಕೊಳ್ಳುವದರಿಂದ ಸಲ್ಲುವದೇ ಹೊರತು, ಬೇಡವಾದುದನ್ನು ಹೊಟ್ಟೆಗೆ ತುರುಕುವದರಿಂದಲ್ಲ.

ಹೀಗೆಂದು ದೇಹವು ಎಲ್ಲವನ್ನೂ ಹೇಳಬಲ್ಲುದೆಂದು ನಂಬಿ ಮೋಸಹೋಗಬಾರದು. ಮುಂಡರಗಿ, ಶಿರಹಟ್ಟಿಗಳ ಭಾಗದಲ್ಲಿ ಹಲವು ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಅಂಶವು ಮಿತಿಮೀರಿ ಕಂಡುಬಂದಿದೆ. ಲೀಟರಿಗೆ 1.5 ಮಿಲಿಗ್ರಾಮಿಗಿಂತ ಹೆಚ್ಚಿರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯು ಹೇಳುವದು. ಅದನ್ನು ನಾಲಗೆಯು ಅರಿಯದು. ಹಲ್ಲು ಕಂದಿ ಎಲುಬು ಬಿಗಿದ ಮೇಲೆಯೇ ತಿಳಿಯುವದು. ಸಕ್ಕರೆ ರೋಗ, ರಕ್ತದೊತ್ತಡಗಳೂ ಬಹುಕಾಲ ಸದ್ದಿಲ್ಲದೆ ಬೆಳೆಯುವವು. ಮುಪ್ಪಿನಲ್ಲಿ ನೀರಡಿಕೆಯ ಕರೆಯೇ ಕುಗ್ಗುವದರಿಂದ ವೃದ್ಧರಿಗೆ ಕೇಳಿ ಕೇಳಿ ನೀರು ಕೊಡಬೇಕು. ಸಕ್ಕರೆ ರೋಗಕ್ಕೆ ಔಷಧ ಸೇವಿಸುವವರು ಶಿವರಾತ್ರಿಯ ಉಪವಾಸವನ್ನು ವೈದ್ಯರನ್ನು ಕೇಳದೆ ಹಿಡಿದರೆ ಪ್ರಾಣಕ್ಕೇ ಅಪಾಯವುಂಟು. ದೇಹವು ಮೌನವಾಗಿರುವಲ್ಲಿ ನೀರಿನ ಪರೀಕ್ಷೆ, ರಕ್ತದ ಪರೀಕ್ಷೆಗಳೇ ಅದರ ಪರವಾಗಿ ಮಾತಾಡಬೇಕು.

ಆದಕಾರಣ ಸದ್ಭಕ್ತರು ಉಣ್ಣುವ ಮೊದಲು ಅರೆಗಳಿಗೆ ನಿಂತು, ಇದು ಹಸಿವೋ ಬೇಸರವೋ ರೂಢಿಯೋ ಎಂದು ಕೇಳಿಕೊಳ್ಳಲಿ. ನಡುವೆ ಕೈ ತಡೆದು, ಇನ್ನೂ ಬೇಕೋ ಎಂದು ಕೇಳಿಕೊಳ್ಳಲಿ. ಉಂಡ ಎರಡು ಗಳಿಗೆಯ ಮೇಲೆ ಮೈ ಹಗುರಾಯಿತೋ ಜಡವಾಯಿತೋ ಎಂಬುದನ್ನು ನೋಡಿಕೊಳ್ಳಲಿ. ಇದಕ್ಕೆ ಹಣ ಬೇಕಿಲ್ಲ, ಪಾಂಡಿತ್ಯ ಬೇಕಿಲ್ಲ, ಎಚ್ಚರವೊಂದು ಸಾಕು. ಕಾಯಕಕ್ಕೆ ಕಾಯವೇ ಮೂಲಧನ. ಅದನ್ನು ಕಾಯ್ದುಕೊಂಡವನ ದುಡಿಮೆಯು ಉಳಿಯುವದು. ದುಡಿಮೆಯು ಉಳಿದಲ್ಲಿ ದಾಸೋಹವು ಉಳಿಯುವದು.